ಊಟ ಮಾಡುತ್ತಿದೆಯಲ್ಲ ಎಂದರೆ ಸಾಲದು: ವಯಸ್ಸಾದ ನಾಯಿಯ ದಿನಗಳನ್ನು ಅಳೆಯುವ ಬಗೆ

ದಾವಣಗೆರೆಯ ನಮ್ಮ ಓಣಿಯಲ್ಲಿ ವಯಸ್ಸಾದ ನಾಯಿಯ ಬಗ್ಗೆ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತವೆ. ನಾಯಿ ಕಾಲೆಳೆಯುತ್ತಾ ನಡೆದರೆ "ವಯಸ್ಸಾಯಿತಲ್ಲ, ಇನ್ನೇನು ಮಾಡುವುದು" ಎನ್ನುತ್ತಾರೆ. ಅದೇ ನಾಯಿ ಮುಂದೆ ಏಳಲಾರದೆ ಬಿದ್ದುಕೊಂಡಾಗ "ಊಟ ಮಾಡುತ್ತಿದೆಯಲ್ಲ, ಇನ್ನೂ ಗಟ್ಟಿಯಿದೆ ಬಿಡಿ" ಎನ್ನುತ್ತಾರೆ. ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ, ನಮ್ಮ ಮನೆಯಲ್ಲಿ ನಾವೂ ಹೇಳಿದ್ದೇವೆ. ಆದರೆ ಮೊದಲನೆಯ ಮಾತು ಔಷಧದಿಂದ ತಗ್ಗಬಹುದಾದ ನೋವನ್ನು ಮುಚ್ಚಿಡುತ್ತದೆ, ಎರಡನೆಯದು ಯಾವ ಔಷಧಕ್ಕೂ ತಗ್ಗದ ನರಳಾಟವನ್ನು ಮುಚ್ಚಿಡುತ್ತದೆ. ಈ ಎರಡು ಮಾತುಗಳ ನಡುವೆ ನಾಯಿ ನಿಜವಾಗಿ ಹೇಗಿದೆ ಎಂದು ತಿಳಿಯುವ ದಾರಿ ಯಾವುದು? ಅದನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮ ಗುಂಡ ಲ್ಯಾಬ್ರಡಾರ್ ಜಾತಿಯವನು. ನಿಟುವಳ್ಳಿಯ ಮನೆಗೆ ಬಂದಾಗ ಎರಡು ತಿಂಗಳ ಮರಿ, ಹೋದಾಗ ಹದಿಮೂರು ವರ್ಷ ದಾಟಿತ್ತು. ಸಂಜೆ ಅವ್ವ ಮಂಡಕ್ಕಿ ಚೀಲದ ಗಂಟು ಬಿಚ್ಚಿದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಓಡಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಎರಡೂ ಮುಂಗಾಲಿಟ್ಟು ಕೂರುತ್ತಿದ್ದ. ಈರುಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತದೆ, ಹಾಗಾಗಿ ಈರುಳ್ಳಿ ಕಲಸುವ ಮೊದಲೇ ಅವನ ಪಾಲಿನ ಒಂದು ಹಿಡಿಯನ್ನು ಎತ್ತಿಡಬೇಕಿತ್ತು. ಕೊನೆಯ ವರ್ಷ ಒಂದು ಸಂಜೆ ಚೀಲ ಬಿಚ್ಚಿದರೂ ಅವನು ಬರಲಿಲ್ಲ. ಅವ್ವ ಅವನಿದ್ದಲ್ಲಿಗೇ ಹೋಗಿ ಮೂತಿಯ ಮುಂದೆ ಮಂಡಕ್ಕಿ ಸುರಿದಳು. ಅವನು ಕತ್ತನ್ನಷ್ಟೇ ಹೊರಳಿಸಿ, ಮಲಗಿದಲ್ಲಿಂದಲೇ ನಾಲಿಗೆ ಚಾಚಿ, ನೆಲದ ಮೇಲೆ ಒಂದು ಕಾಳೂ ಉಳಿಯದಂತೆ ತಿಂದ. "ಎಲ್ಲಾ ತಿಂದ ನೋಡು" ಎಂದು ಅವ್ವ ಸಮಾಧಾನಪಟ್ಟಳು, ನಾನೂ ಪಟ್ಟೆ. ಅವನು ಎದ್ದು ಬರಲಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದದ್ದು ವಾರಗಳ ನಂತರ.

ಹೀಗಾಗುವುದಕ್ಕೆ ಕಾರಣವಿದೆ. ದಿನವೂ ನೋಡುವ ಕಣ್ಣು ನಿಧಾನದ ಇಳಿತಕ್ಕೆ ಒಗ್ಗಿಹೋಗುತ್ತದೆ. ಊರಿನಿಂದ ಬಂದ ನೆಂಟರು ಬಾಗಿಲಲ್ಲೇ ನಿಂತು "ಅಯ್ಯೋ, ಇಷ್ಟು ಸೊರಗಿದೆಯಲ್ಲ" ಎಂದಾಗ ನಮಗೆ ಸಿಟ್ಟು ಬರುತ್ತದೆ, ಏಕೆಂದರೆ ನಾವು ಕಂಡದ್ದು ನಿನ್ನೆಯ ನಾಯಿಗೂ ಇಂದಿನ ನಾಯಿಗೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ಮಾತ್ರ. ಅದಕ್ಕೇ ಮೊದಲು ಮಾಡಬೇಕಾದ ಕೆಲಸವನ್ನು ಮೊಬೈಲಿನಿಂದಲೇ ಮಾಡಬಹುದು: ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ನಾಯಿ ಮಲಗಿದಲ್ಲಿಂದ ಏಳುವುದನ್ನು ಮತ್ತು ಹತ್ತು ಹೆಜ್ಜೆ ನಡೆಯುವುದನ್ನು ವಿಡಿಯೊ ಮಾಡಿಡಿ. ನಾಲ್ಕು ತಿಂಗಳ ವಿಡಿಯೊಗಳನ್ನು ಒಟ್ಟಿಗೆ ನೋಡಿದರೆ ಯಾರೂ ಏನೂ ಹೇಳಬೇಕಾಗುವುದಿಲ್ಲ.

ನೋವಿಗೆ ಸದ್ದಿಲ್ಲ

ನೋವಾದರೆ ನಾಯಿ ಕುಂಯ್‌ಗುಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮುಳ್ಳು ಚುಚ್ಚಿದಾಗ, ಬಾಗಿಲಿಗೆ ಬಾಲ ಸಿಕ್ಕಿದಾಗ ಅದು ನಿಜ. ತಿಂಗಳುಗಟ್ಟಲೆ ಒಳಗೇ ಕೊರೆಯುವ ಕೀಲುನೋವಿಗೆ, ಹಲ್ಲುನೋವಿಗೆ, ಗಡ್ಡೆಯ ನೋವಿಗೆ ನಾಯಿ ಹೆಚ್ಚಾಗಿ ಸದ್ದೇ ಮಾಡುವುದಿಲ್ಲ. ಅದರ ನಡವಳಿಕೆ ಮಾತ್ರ ಬದಲಾಗುತ್ತದೆ. ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಮಲಗುವ ಮೊದಲು ಸುತ್ತುತ್ತಾ ನಿಲ್ಲುತ್ತದೆ, ಮಲಗಲು ಧೈರ್ಯ ಬಾರದವರಂತೆ. ಒಂದೇ ಮಣಿಕಟ್ಟನ್ನು ಕೂದಲು ಕೆಂಪಾಗುವವರೆಗೆ ನೆಕ್ಕುತ್ತದೆ. ಹಿಂಗಾಲಿನ ಉಗುರುಗಳ ಮೇಲ್ಭಾಗ ಸವೆದಿರುತ್ತದೆ, ಪಾದ ಎತ್ತಿಡದೆ ಎಳೆಯುತ್ತಿರುವುದರ ಗುರುತು ಅದು. ಸೆಕೆಯಿಲ್ಲದ ಹೊತ್ತಿನಲ್ಲೂ ಸುಮ್ಮನೆ ಕುಳಿತು ಏದುಸಿರು ಬಿಡುತ್ತದೆ. ಎಂದೂ ಗುರ್ ಎನ್ನದ ನಾಯಿ ಸೊಂಟ ಮುಟ್ಟಿದರೆ ಗುರ್ ಎನ್ನುತ್ತದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ವಯಸ್ಸು ಕಾಯಿಲೆಯಲ್ಲ, ಅದಕ್ಕೆ ತನ್ನದೇ ನೋವು ಎಂಬುದಿಲ್ಲ. ನೋವಿದ್ದರೆ ಅದು ಇಂಥ ಕೀಲಿನದು, ಇಂಥ ಹಲ್ಲಿನದು ಎಂದೇ ಇರುತ್ತದೆ.

ಪಶುವೈದ್ಯರು ಇದಕ್ಕೊಂದು ಸರಳ ಪರೀಕ್ಷೆ ಮಾಡುತ್ತಾರೆ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಮತ್ತು ಯಕೃತ್ತು ತಡೆದುಕೊಳ್ಳುವಂತಿವೆ ಎಂದು ಕಂಡರೆ, ನಾಯಿಗೆಂದೇ ಅಳತೆ ಮಾಡಿದ ನೋವಿನ ಔಷಧವನ್ನು ಒಂದೆರಡು ವಾರ ಕೊಟ್ಟು ನೋಡುತ್ತಾರೆ. ಗುಂಡನಿಗೆ ಹಾಗೆ ಕೊಟ್ಟ ಐದನೆಯ ದಿನ ಅವನು ಗೇಟಿನವರೆಗೆ ಹೋಗಿ ಹಾಲಿನವನಿಗೆ ಬೊಗಳಿದ. ಆರು ತಿಂಗಳಿಂದ ಬೊಗಳಿರಲಿಲ್ಲ. ನಾವು ಮುದಿತನ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಸೊಂಟದ ನೋವಾಗಿತ್ತು. ಆ ಆರು ತಿಂಗಳನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಜೋರಾಗಿ ಹೇಳಿದರೂ ಕಡಿಮೆಯೇ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಹಾಕಬೇಡಿ. ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಸಿಟಮಾಲ್‌ನ ಅಳತೆ ತಪ್ಪಿದರೆ ಯಕೃತ್ತು ಹೋಗುತ್ತದೆ. ಔಷಧದ ಅಂಗಡಿಯವರು "ಅರ್ಧ ಕೊಡಿ, ಏನಾಗುವುದಿಲ್ಲ" ಎಂದರೂ ಕೇಳಬೇಡಿ.

ಏಳು ಪ್ರಶ್ನೆಗಳ ಅಳತೆಗೋಲು

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆಗೋಲನ್ನು ಮುಂದಿಟ್ಟರು. ಇಂದು ಜಗತ್ತಿನ ಬಹಳಷ್ಟು ಪಶುವೈದ್ಯರು ಇದನ್ನೇ ಮನೆಯವರ ಕೈಗೆ ಕೊಡುತ್ತಾರೆ. ಅದರಲ್ಲಿ ಏಳು ವಿಷಯಗಳಿವೆ: ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ ಹತ್ತರವರೆಗೆ ಅಂಕ, ಹತ್ತು ಎಂದರೆ ಅತ್ಯುತ್ತಮ. ಒಟ್ಟು ಎಪ್ಪತ್ತರಲ್ಲಿ 35ಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸುವುದರಲ್ಲಿ ಅರ್ಥವಿದೆ ಎಂದು ಲೆಕ್ಕ.

ಇದರ ಬೆಲೆ ಇರುವುದು ಒಟ್ಟು ಅಂಕದಲ್ಲಿ ಎಂದು ನನಗನ್ನಿಸುವುದಿಲ್ಲ. ಹಸಿವಿಗೂ ಸಂತೋಷಕ್ಕೂ ಬೇರೆ ಬೇರೆ ಮನೆ ಮಾಡಿಕೊಟ್ಟದ್ದರಲ್ಲಿ ಅದರ ಬೆಲೆಯಿದೆ. ಗುಂಡನಿಗೆ ಆ ಸಂಜೆ ಹಸಿವಿನಲ್ಲಿ ಎಂಟು ಕೊಡಬಹುದಿತ್ತು, ಸಂತೋಷದಲ್ಲಿ ಎರಡು. ಲ್ಯಾಬ್ರಡಾರ್‌ನಂಥ ತಿಂಡಿಪೋತ ಜಾತಿಗಳಲ್ಲಂತೂ ಬಾಯಿ ಕೊನೆಯವರೆಗೂ ಕೆಲಸ ಮಾಡುತ್ತಿರುತ್ತದೆ. ಊಟ ಬಿಡುವುದನ್ನೇ ಕಾಯುತ್ತಾ ಕೂತರೆ ಅಂಥ ನಾಯಿ ಬಹಳ ತಡವಾಗಿ ನಮಗೆ ಸುದ್ದಿ ಮುಟ್ಟಿಸುತ್ತದೆ.

ಒಟ್ಟು ಅಂಕ ಮೋಸ ಮಾಡುವ ಇನ್ನೊಂದು ಜಾಗ ಉಸಿರಾಟ. ವಿಲ್ಲಲೋಬೋಸ್ ಉಸಿರನ್ನು ನೋವಿನ ಮನೆಯಲ್ಲೇ ಇಟ್ಟು, ಉಸಿರಿಗೆ ತೊಂದರೆಯಾದರೆ ಉಳಿದ ಅಂಕಗಳನ್ನು ನೋಡುವ ಮಾತೇ ಇಲ್ಲ ಎಂದರು. ಗಾಳಿ ಸಾಲದ ಭಯವನ್ನು ಬಾಯಿಯ ರುಚಿ ಸರಿದೂಗಿಸುವುದಿಲ್ಲ. ಉಸಿರು ಎಣಿಸುವುದು ಕಷ್ಟವಲ್ಲ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಒಂದು ನಿಮಿಷ ಪಕ್ಕೆ ಏರಿಳಿಯುವುದನ್ನು ಎಣಿಸಿ, ಏರಿ ಇಳಿದರೆ ಒಂದು. ಸಾಮಾನ್ಯವಾಗಿ ಮೂವತ್ತರ ಒಳಗಿರುತ್ತದೆ. ದಿನ ಬಿಟ್ಟು ದಿನ ಎಣಿಸಿದರೂ ಮೂವತ್ತು ದಾಟುತ್ತಲೇ ಇದ್ದರೆ ಹೃದಯಕ್ಕೋ ಶ್ವಾಸಕೋಶಕ್ಕೋ ತೊಂದರೆ ಇರಬಹುದು, ಡಾಕ್ಟರಿಗೆ ತಿಳಿಸಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ಮಧ್ಯಾಹ್ನ ಎಣಿಸಿದರೆ ಗಟ್ಟಿ ನಾಯಿಯೂ ರೋಗಿಯಂತೆ ಕಾಣುತ್ತದೆ. ಬೆಳಗಿನ ಜಾವ ಐದಕ್ಕೆ, ನೆಲ ತಣ್ಣಗಿರುವಾಗ ಎಣಿಸಿ.

ಹಸಿವಿನ ಬಗ್ಗೆ ಇನ್ನೂ ಒಂದು ಮಾತು. ತಟ್ಟೆಯ ಹತ್ತಿರ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಆಮೇಲೆ ಮುಖ ತಿರುಗಿಸಿ ಹೋಗುತ್ತದೆ. ಇದನ್ನು ಹಟ ಎಂದೋ ಅನ್ನ-ಹಾಲು ಬೇಜಾರಾಗಿದೆ ಎಂದೋ ತಿಳಿದು ದಿನಕ್ಕೊಂದು ತಿನಿಸು ಮಾಡಿ ಹಾಕುತ್ತೇವೆ. ಅಂಥ ನಾಯಿಗೆ ಹೆಚ್ಚಾಗಿ ಹಸಿವಿರುತ್ತದೆ, ಆದರೆ ವಾಕರಿಕೆ ಬರುತ್ತಿರುತ್ತದೆ. ವಾಕರಿಕೆಗೆ ಒಳ್ಳೆಯ ಔಷಧಗಳಿವೆ. ಬಾಯಿ ವಾಸನೆ ಬರುತ್ತಿದ್ದರೆ, ಗಟ್ಟಿ ರೊಟ್ಟಿ ಬಿಟ್ಟು ಮೆತ್ತಗಿನ ಮುದ್ದೆ ಮಾತ್ರ ತಿನ್ನುತ್ತಿದ್ದರೆ ಹಲ್ಲು ತೋರಿಸಿ.

ನೀರು ಕುಡಿಯುವುದನ್ನೂ ಅಳೆಯಬೇಕು, ಏಕೆಂದರೆ ಎಷ್ಟೋ ಮುದಿ ನಾಯಿಗಳನ್ನು ಸದ್ದಿಲ್ಲದೆ ಮುಗಿಸುವುದು ಮೂತ್ರಪಿಂಡದ ಕಾಯಿಲೆ. ಮೂತ್ರಪಿಂಡ ತನ್ನ ಕೆಲಸದ ಸುಮಾರು ಮುಕ್ಕಾಲು ಪಾಲು ಕಳೆದುಕೊಳ್ಳುವವರೆಗೆ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲದ ಮಟ್ಟ ಏರುವುದಿಲ್ಲ. ಆದರೆ ಅದಕ್ಕೂ ಮೊದಲೇ ನಾಯಿ ಹೆಚ್ಚು ನೀರು ಕುಡಿಯಲು, ಹೆಚ್ಚು ಉಚ್ಚೆ ಹೊಯ್ಯಲು ತೊಡಗುತ್ತದೆ. ಬೆಳಿಗ್ಗೆ ಅಳತೆ ಮಾಡಿ ನೀರಿಡಿ, ಮರುದಿನ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ ನೂರು ಮಿಲಿಲೀಟರ್ ದಾಟಿದರೆ, ಅಂದರೆ 25 ಕಿಲೋ ನಾಯಿ ಎರಡೂವರೆ ಲೀಟರ್‌ಗಿಂತ ಹೆಚ್ಚು ಕುಡಿದರೆ, ಅದು ಸೆಕೆಯ ಬಾಯಾರಿಕೆಯಲ್ಲ ಎಂದು ಶಂಕಿಸಿ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಜ್ವರವೂ ಸಾಮಾನ್ಯ, ಅದನ್ನು ಮುದಿತನ ಎಂದು ತಪ್ಪಾಗಿ ತಿಳಿಯುವುದೂ ಅಷ್ಟೇ ಸಾಮಾನ್ಯ. ಚಿಕಿತ್ಸೆ ಕೊಟ್ಟರೆ ಗುಣವಾಗುವ ಕಾಯಿಲೆಗೆ ನಾಯಿಯನ್ನು ಕಳೆದುಕೊಳ್ಳಬಾರದು.

ಓಡಾಟದ ಅಂಕ ಎಷ್ಟೋ ಮನೆಗಳಲ್ಲಿ ನಾಯಿಯ ಕಾಲಿಗಿಂತ ಮನೆಯ ನೆಲದ ಮೇಲೆ ನಿಂತಿರುತ್ತದೆ. ಹೊಳೆಯುವ ಟೈಲ್ಸ್ ಮೇಲೆ ಸೊಂಟ ಸೋತ ನಾಯಿ ಏಳಲು ಹೋಗಿ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ ಬೀಳುತ್ತದೆ. ಎರಡು ಬಾರಿ ಬಿದ್ದ ಮೇಲೆ ಏಳುವ ಪ್ರಯತ್ನವನ್ನೇ ಬಿಡುತ್ತದೆ. ನಾವು ಗೋಣಿಚೀಲಗಳನ್ನು ಬಿಚ್ಚಿ, ತೊಳೆದು, ಅವನ ಹಾಸಿಗೆಯಿಂದ ಹಿತ್ತಿಲ ಬಾಗಿಲವರೆಗೆ ಸಾಲಾಗಿ ಹಾಸಿದೆವು. ಹೊಟ್ಟೆಯ ಕೆಳಗೆ ಹಳೆಯ ಟವೆಲ್ ತೂರಿಸಿ ಹಿಂಭಾಗವನ್ನು ಎತ್ತಿ ಹಿಡಿದೆವು. ಆ ದಾರಿಯ ಮೇಲೆ ಅವನು ಮತ್ತೆ ನಾಲ್ಕು ತಿಂಗಳು ನಡೆದ. ಮೂರು ಕಾಲಿನ ನಾಯಿಗಳು ನೆಮ್ಮದಿಯಾಗಿ ಬದುಕುತ್ತವೆ. ನಡೆಯಲು ಬಾರದಿರುವುದೊಂದೇ ಬದುಕು ಸಾಕಾಯಿತು ಎಂಬುದಕ್ಕೆ ಗುರುತಲ್ಲ.

ಮಲಗಿದಲ್ಲೇ ಆದ ನಾಯಿಯ ಶುಚಿ ಮಾತ್ರ ಸಣ್ಣ ವಿಷಯವಲ್ಲ. ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಮೂಳೆ ಒತ್ತುವಲ್ಲಿ ಹುಣ್ಣಾಗುತ್ತದೆ. ಉಚ್ಚೆಯಲ್ಲಿ ತೊಯ್ದ ಚರ್ಮಕ್ಕೆ ನೊಣ ಕೂತು ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಇದನ್ನು ಕಣ್ಣಾರೆ ಕಂಡವರು ಮರೆಯಲಾರರು. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಎಂದಾದರೆ ಆ ಸತ್ಯವನ್ನೂ ಲೆಕ್ಕದಲ್ಲಿ ಸೇರಿಸಿ. ಬೇರೆ ಮನೆಯವರು ಆರು ತಿಂಗಳು ನೋಡಿಕೊಂಡರು ಎಂಬುದು ನಿಮ್ಮ ಮನೆಗೆ ಅಳತೆಯಾಗಬೇಕಿಲ್ಲ. ಹಣದ ಮಾತೂ ಹಾಗೆಯೇ. ಖರ್ಚು ಭರಿಸಲಾಗದು ಎಂದು ಡಾಕ್ಟರಿಗೆ ನೇರವಾಗಿ ಹೇಳಿದರೆ, ಗುಣಪಡಿಸುವ ದುಬಾರಿ ದಾರಿಯ ಬದಲು ನೋವು ತಗ್ಗಿಸುವ ಅಗ್ಗದ ದಾರಿ ಹೆಚ್ಚಾಗಿ ಸಿಗುತ್ತದೆ.

ಮರೆವಿನ ಕಾಯಿಲೆಯೂ ನಾಯಿಗೆ ಬರುತ್ತದೆ. ಬಾಗಿಲು ತೆರೆಯುವ ಬದಿ ಬಿಟ್ಟು ಕೀಲಿನ ಬದಿಯಲ್ಲಿ ನಿಂತು ಕಾಯುವುದು, ಮೂಲೆಗೆ ಹೋಗಿ ಹಿಂದೆ ಬರಲು ತಿಳಿಯದೆ ನಿಲ್ಲುವುದು, ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಮನೆ ಸುತ್ತುವುದು ಅದರ ಗುರುತುಗಳು. ದೀಪವೊಂದನ್ನು ರಾತ್ರಿ ಉರಿಯಬಿಡುವುದು, ಸಂಜೆ ಹೊರಗೆ ಕರೆದೊಯ್ಯುವುದು, ಕೆಲವು ಔಷಧಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ಇಂಥ ನಾಯಿಗೆ ನೋವಿಲ್ಲದಿರಬಹುದು, ಆದರೆ ಅದು ದಿನವಿಡೀ ಹೆದರಿಕೊಂಡೇ ಇದೆಯೇ ಎಂದು ನೋಡಬೇಕು.

ಗೋಡೆಯ ಕ್ಯಾಲೆಂಡರ್

ಏಳು ಅಂಕಗಳನ್ನು ದಿನವೂ ಹಾಕುತ್ತಾ ಕೂರಲು ಯಾರಿಗೂ ಆಗುವುದಿಲ್ಲ. ನಮಗೆ ಒದಗಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಗುಂಡ ಇನ್ನೂ ತಕ್ಕಮಟ್ಟಿಗೆ ಚೆನ್ನಾಗಿದ್ದಾಗಲೇ ಅವನಿಗೆ ಪ್ರಾಣವಾದ ಐದು ಸಂಗತಿಗಳನ್ನು ಬರೆದಿಟ್ಟೆವು: ಮಂಡಕ್ಕಿಗೆ ಎದ್ದು ಬರುವುದು, ಗೇಟಿನಲ್ಲಿ ಹಾಲಿನವನಿಗೆ ಬೊಗಳುವುದು, ಅಪ್ಪ ಬಂದಾಗ ಚಪ್ಪಲಿ ಕಚ್ಚಿಕೊಂಡು ಓಡುವುದು, ಹಿತ್ತಿಲ ಬೇವಿನ ನೆರಳಲ್ಲಿ ಬೆನ್ನು ಉಜ್ಜಿಕೊಳ್ಳುವುದು, ರಾತ್ರಿ ನನ್ನ ಮಂಚದ ಕೆಳಗೇ ಬಂದು ಮಲಗುವುದು. ನಿಮ್ಮ ನಾಯಿಯ ಐದು ಬೇರೆ ಇರುತ್ತವೆ. ಅದು ಎಂದೂ ಚೆಂಡಾಡದ ನಾಯಿಯಾದರೆ ಈಗ ಚೆಂಡಾಡುತ್ತಿಲ್ಲ ಎಂಬುದಕ್ಕೆ ಅರ್ಥವಿಲ್ಲ. ನಾಯಿಯನ್ನು ಅದರ ಹಿಂದಿನ ದಿನಗಳೊಂದಿಗೆ ಮಾತ್ರ ಹೋಲಿಸಬೇಕು.

ಐದರಲ್ಲಿ ಮೂರು ನಡೆದ ದಿನಕ್ಕೆ ನೀಲಿ ಚುಕ್ಕೆ, ಅದಕ್ಕಿಂತ ಕಡಿಮೆಯಾದರೆ ಕೆಂಪು. ಅವ್ವ ಒಂದು ಚುಕ್ಕೆ, ನಾನು ಒಂದು, ಒಬ್ಬರದನ್ನು ಒಬ್ಬರು ಕೇಳದೆ. ಇಬ್ಬರು ಇಡುವುದು ಮುಖ್ಯ: ಒಬ್ಬರಿಗೆ ಬಿಟ್ಟುಕೊಡಲು ಮನಸ್ಸಿರುವುದಿಲ್ಲ, ಇನ್ನೊಬ್ಬರು ಆರೈಕೆಯಲ್ಲಿ ಬಳಲಿ ಹೋಗಿರುತ್ತಾರೆ. ನೆನಪು ಕೊನೆಯ ಒಳ್ಳೆಯ ದಿನವನ್ನು ಹಿಡಿದುಕೊಂಡು "ಮೊನ್ನೆಯಷ್ಟೇ ಆಡಿದನಲ್ಲ" ಎನ್ನುತ್ತದೆ. ಆ ಮೊನ್ನೆ ಹನ್ನೊಂದು ದಿನದ ಹಿಂದಿನದು ಎಂದು ಕ್ಯಾಲೆಂಡರ್ ತೋರಿಸುತ್ತದೆ.

ಚುಕ್ಕೆಗಳಿಗೆ ಮೊದಲೇ ಒಂದು ಗೆರೆ ಹಾಕಿಕೊಳ್ಳಿ. ಎರಡು ವಾರದಲ್ಲಿ ಕೆಂಪು ನೀಲಿಗಿಂತ ಹೆಚ್ಚಾದರೆ ಡಾಕ್ಟರ ಬಳಿ ಕೂತು ಮಾತಾಡುವುದು ಎಂದು ನಾವು ನಿರ್ಧರಿಸಿದ್ದೆವು. ಸಂಕಟದ ನಡುವೆ ಕೂತು ಗೆರೆ ಎಳೆಯಲು ಹೋದರೆ ಗೆರೆ ದಿನವೂ ಮುಂದೆ ಹೋಗುತ್ತದೆ.

ಗುಂಡನ ಮೂತ್ರಪಿಂಡ ಸೋತಾಗ ಅವನ ಸೊಂಟಕ್ಕೆ ಹಿತ ಕೊಡುತ್ತಿದ್ದ ಔಷಧವನ್ನೇ ನಿಲ್ಲಿಸಬೇಕಾಯಿತು, ಏಕೆಂದರೆ ಅದು ಮೂತ್ರಪಿಂಡಕ್ಕೆ ಹೊರೆ. ಬದಲಿಗೆ ಗ್ಯಾಬಾಪೆಂಟಿನ್ ಎಂಬ ಬೇರೆ ಬಗೆಯ ನೋವಿನ ಔಷಧ ಕೊಟ್ಟರು, ಚರ್ಮದ ಕೆಳಗೆ ದ್ರಾವಣ ಏರಿಸುವುದನ್ನು ಕಲಿಸಿದರು. ಆರು ವಾರ ನೀಲಿ ಚುಕ್ಕೆಗಳು ಬಂದವು. ಆಮೇಲೆ ಒಂದು ವಾರ ಎಲ್ಲವೂ ಕೆಂಪು. ಅವ್ವ ಡಾಕ್ಟರನ್ನು ಕೇಳಿದಳು: "ಸರ್, ಅದರ ಪಾಡಿಗೆ ಅದು ಹೋಗಲಿ ಎಂದು ಬಿಟ್ಟರೆ?" ಅವರು ಮುಚ್ಚುಮರೆ ಮಾಡದೆ ಹೇಳಿದರು, "ನಿದ್ದೆಯಲ್ಲಿ ಹೋಗುವುದು ಅಪರೂಪ, ಅಮ್ಮ. ಮೂತ್ರಪಿಂಡದ ಕಾಯಿಲೆಯಲ್ಲಿ ವಾಂತಿ, ಬಾಯಿಹುಣ್ಣು, ಕೊನೆಗೆ ಸೆಳೆತ. ಕೆಲವು ದಿನ ಹಿಡಿಯುತ್ತದೆ."

ಇನ್ನೊಂದು ದಾರಿ ದಯಾಮರಣ, ಅಂದರೆ ಡಾಕ್ಟರಿಂದ ಚುಚ್ಚುಮದ್ದು ಕೊಡಿಸಿ ನೋವಿಲ್ಲದೆ ಕಳುಹಿಸಿಕೊಡುವುದು. ಸಾಕಿದ ಕೈಯಿಂದಲೇ ಕೊಲ್ಲಿಸುವುದು ಪಾಪವಲ್ಲವೇ ಎಂದು ನಮ್ಮ ಕಡೆ ಕೇಳದವರಿಲ್ಲ. ಅದು ಹಗುರ ಪ್ರಶ್ನೆಯಲ್ಲ, ಅದಕ್ಕೆ ಉತ್ತರವನ್ನು ಪ್ರತಿ ಮನೆಯೂ ತಾನೇ ಹುಡುಕಬೇಕು. ದಯಾಮರಣ ಬೇಡ ಎನ್ನುವವರು ನೋವಿನ ಔಷಧವನ್ನು ಮಾತ್ರ ಕೊನೆಯ ಗಳಿಗೆಯವರೆಗೆ ನಿಲ್ಲಿಸಬಾರದು. ಏನೂ ಕೊಡದೆ ಮೂಲೆಯಲ್ಲಿ ಬಿಟ್ಟು ಅದನ್ನು ಸಹಜ ಸಾವು ಎನ್ನುವುದನ್ನು ನಾನು ಒಪ್ಪಲಾರೆ.

ಬೇಕೆನ್ನುವವರಿಗೆ ಏನು ನಡೆಯುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಮೊದಲು ಮಂಪರು ಬರಿಸುವ ಚುಚ್ಚುಮದ್ದು. ನಾಯಿ ನಿದ್ದೆಗೆ ಜಾರಿದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ, ಒಂದೆರಡು ಬಾರಿ ಎದೆ ಎಳೆದುಕೊಳ್ಳಬಹುದು, ಉಚ್ಚೆ ಹೋಗಬಹುದು. ನಾಯಿಗೆ ಆಗ ಅರಿವಿರುವುದಿಲ್ಲ. ಇದನ್ನು ಪಶುವೈದ್ಯರಿಂದ ಮಾತ್ರ ಮಾಡಿಸಬೇಕು. ಹೃದಯಕ್ಕೆ ಸ್ಟ್ರಿಕ್ನೀನ್ ಎಂಬ ವಿಷ ಚುಚ್ಚಿ ಕೊಲ್ಲುವಂಥ ಕ್ರೂರ ವಿಧಾನಗಳು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ನಮ್ಮ ಡಾಕ್ಟರು ಮನೆಗೇ ಬಂದರು. ಗುಂಡ ಬೇವಿನ ಕೆಳಗೆ ಗೋಣಿಯ ಮೇಲೆ ಮಲಗಿದ್ದ. ಮಂಪರು ಹತ್ತುವ ಮೊದಲು ಅವ್ವ ಚೀಲದ ಗಂಟು ಬಿಚ್ಚಿದಳು. ಅವನು ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ, ತಿನ್ನಲಿಲ್ಲ. ಆ ಔಷಧ ದೇಹದಲ್ಲಿ ಉಳಿಯುತ್ತದೆ, ನರಿಯೋ ಬೀದಿನಾಯಿಯೋ ಕೆದಕಿ ತಿಂದರೆ ಅದಕ್ಕೂ ಅಪಾಯ, ಆಳವಾಗಿ ಹೂಳಿ ಎಂದು ಡಾಕ್ಟರು ಹೇಳಿ ಹೋದರು. ಆನಗೋಡಿನ ಹತ್ತಿರ ಮಾವನ ಹೊಲದಲ್ಲಿ ಅಪ್ಪ, ನಾನು ಇಬ್ಬರೂ ಸಂಜೆಯವರೆಗೆ ಅಗೆದು ನಾಲ್ಕು ಅಡಿ ಮಾಡಿದೆವು.